ಬಿಡಿ ಮಾಹಿತಿ, ಇಡೀ ಮನುಷ್ಯ

2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಕೋಡುಗಳು ಒಂದೊಂದಾಗಿ ಮಾಯವಾದವು. ಕೆಲವು ಕಡೆ ಅವುಗಳ ಮೇಲೆಯೇ ಚೀಟಿ ಅಂಟಿಸಿದ್ದರು: ‘ನೋ ಯುಪಿಐ, ಓನ್ಲಿ ಕ್ಯಾಶ್’. ಯುಪಿಐ ಮೂಲಕ ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು, ಸೇವೆಯ ವ್ಯವಹಾರವಾದರೆ 20 ಲಕ್ಷಕ್ಕಿಂತ ಹೆಚ್ಚು ಪಡೆದೂ ಜಿಎಸ್‌ಟಿ ನೋಂದಣಿ ಮಾಡಿಸದವರನ್ನು ವಾಣಿಜ್ಯ ತೆರಿಗೆ ಇಲಾಖೆ ಪಟ್ಟಿ ಮಾಡಿ ನೋಟಿಸ್ ಕಳಿಸಿತ್ತು. ಲೆಕ್ಕ 2021-22ರಷ್ಟು ಹಿಂದಕ್ಕೆ ಹೋಗಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಕಟ್ಟುವಂತೆ ನೋಟಿಸ್ ಬಂದದ್ದು ಎಲ್ಲ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು, ಮುಖ್ಯಮಂತ್ರಿ ಸಭೆ ಕರೆದರು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂಬ ಭರವಸೆಯಲ್ಲಿ ಗಲಾಟೆ ತಣ್ಣಗಾಯಿತು.

ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಅದರಲ್ಲಿ ತಕರಾರಿಲ್ಲ. ಈ ಪ್ರಕರಣ ಇಲ್ಲಿ ಬೇಕಾದದ್ದು ಬೇರೆ ಕಾರಣಕ್ಕೆ. ಯುಪಿಐ ದಾಖಲೆಯಲ್ಲಿ ಇರುವುದು ಎಷ್ಟು ಹಣ, ಯಾವಾಗ, ಯಾರಿಂದ ಯಾರಿಗೆ ಎಂಬಷ್ಟೇ. ಬಂದ 500 ರೂಪಾಯಿ ಹಾಲಿನದೋ ಬಿಸ್ಕತ್ತಿನದೋ, ಭಾವಮೈದ ತೀರಿಸಿದ ಕೈಸಾಲವೋ, ಚೀಟಿ ಹಣವೋ ಅದಕ್ಕೆ ಗೊತ್ತಿಲ್ಲ. ಪಾವತಿಗೆಂದು ಹುಟ್ಟಿದ ಮಾಹಿತಿಯನ್ನು ತೆರಿಗೆಯ ಕಡತದ ಪಕ್ಕ ಇಟ್ಟ ಕೂಡಲೇ ಒಬ್ಬ ಮನುಷ್ಯನ ಮೇಲೆ ಹೊಸದೊಂದು ಆಪಾದನೆ ತಯಾರಾಯಿತು. ಅವನು ಏನನ್ನೂ ಮುಚ್ಚಿಟ್ಟಿರಲಿಲ್ಲ. ಗಿರಾಕಿಗೆ ಚಿಲ್ಲರೆಯ ತಾಪತ್ರಯ ತಪ್ಪಲಿ ಎಂದು ಕೋಡು ಅಂಟಿಸಿದ್ದ.

ಬಿಗ್ ಡೇಟಾ ಎಂಬ ದೊಡ್ಡ ಹೆಸರಿನ ಹಿಂದೆ ನಡೆಯುವುದು ಬಹುಮಟ್ಟಿಗೆ ಇದೇ. ಅದರ ಲಕ್ಷಣಗಳೆಂದು ಪಠ್ಯಪುಸ್ತಕಗಳು ಹೇಳುವ ಗಾತ್ರ, ವೇಗ, ವೈವಿಧ್ಯ ಎಂಬ ಮೂರನ್ನೂ ಅಮೆರಿಕದ ಮಾರುಕಟ್ಟೆ ವಿಶ್ಲೇಷಕ ಡಗ್ ಲೇನಿ 2001ರಲ್ಲೇ ಗುರುತಿಸಿದ್ದರು. ಗಾತ್ರಕ್ಕೆ ನಮ್ಮಲ್ಲಿ ಬರವಿಲ್ಲ: 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದ ಯುಪಿಐ ವಹಿವಾಟುಗಳು 2,000 ಕೋಟಿ ದಾಟಿದವು. ಆದರೆ ಬರೀ ರಾಶಿ ಯಾರಿಗೂ ಹೆಚ್ಚು ಉಪಕಾರ ಮಾಡುವುದಿಲ್ಲ, ಹೆಚ್ಚು ಅಪಕಾರವನ್ನೂ ಮಾಡುವುದಿಲ್ಲ. ಒಂದು ರಾಶಿಯನ್ನು ಇನ್ನೊಂದರೊಂದಿಗೆ ಕೂಡಿಸಿದಾಗ ಲಾಭ ಹುಟ್ಟುತ್ತದೆ. ಕೇಡು ಹುಟ್ಟುವುದೂ ಅಲ್ಲಿಯೇ. ಹಾಗಾಗಿ ಖಾಸಗಿತನದ ಚರ್ಚೆಯಲ್ಲಿ ‘ನಾನು ಏನು ಕೊಟ್ಟೆ’ ಎಂಬುದಕ್ಕಿಂತ ‘ಅದನ್ನು ಯಾವುದರ ಜೊತೆ, ಯಾರು ಕೂಡಿಸುತ್ತಾರೆ’ ಎಂಬುದೇ ದೊಡ್ಡ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ.

ಲಾಭವನ್ನು ಮೊದಲು ನೋಡೋಣ, ಏಕೆಂದರೆ ಅದು ಸಣ್ಣದಲ್ಲ. ಸಂಜೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಗೆ ಹೊರಟವರು ಫೋನಿನ ನಕ್ಷೆಯಲ್ಲಿ ಕೆಂಪು ಗೆರೆ ಕಂಡು ಬೇರೆ ದಾರಿ ಹಿಡಿಯುತ್ತಾರೆ. ಆ ಕೆಂಪು ಬಳಿಯುವವರು ರಸ್ತೆಯಲ್ಲಿ ಸಿಕ್ಕಿಕೊಂಡವರೇ. ಅವರ ಫೋನುಗಳು ತಾವಿರುವ ಜಾಗವನ್ನೂ ಸಾಗುವ ವೇಗವನ್ನೂ ಕಳಿಸುತ್ತಲೇ ಇರುತ್ತವೆ. ನೂರಾರು ಫೋನುಗಳು ಒಟ್ಟಿಗೆ ನಿಧಾನವಾದರೆ ಅಲ್ಲಿ ಜಾಮ್ ಎಂದು ಲೆಕ್ಕ. 2020ರ ಫೆಬ್ರುವರಿಯಲ್ಲಿ ಸುದ್ದಿಯಾದ ಪ್ರಯೋಗವೊಂದರಲ್ಲಿ ಜರ್ಮನಿಯ ಕಲಾವಿದ ಸೈಮನ್ ವೆಕರ್ಟ್ 99 ಫೋನುಗಳನ್ನು ಒಂದು ಕೈಗಾಡಿಯಲ್ಲಿ ತುಂಬಿಕೊಂಡು ಬರ್ಲಿನ್ನಿನ ಖಾಲಿ ಬೀದಿಯಲ್ಲಿ ಎಳೆದುಕೊಂಡು ಹೋದ. ಗೂಗಲ್ ನಕ್ಷೆ ಆ ಬೀದಿಗೆ ಕೆಂಪು ಬಳಿಯಿತು. ನಕ್ಷೆಗೆ ರಸ್ತೆ ಕಾಣುವುದಿಲ್ಲ, ಫೋನು ಮಾತ್ರ ಕಾಣುತ್ತದೆ. ಮುಂದೆ ಬರುವ ಹಲವು ತಪ್ಪುಗಳ ಮೂಲವೂ ಇದೇ ಕುರುಡು.

ನನಗೆ ಇದಕ್ಕಿಂತ ಮೆಚ್ಚುಗೆಯ ಉದಾಹರಣೆ ಯಲಹಂಕದಲ್ಲಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳನ್ನು ನೆಟ್ಟಿದೆ. ಅವು ತಾವಾಗಿಯೇ ಕಳಿಸುವ ಅಂಕಿಗಳು ಅಲ್ಲಿ ಒಟ್ಟಾಗುತ್ತವೆ. ರೈತ ‘ವರುಣಮಿತ್ರ’ಕ್ಕೆ ಫೋನು ಮಾಡಿ ಇವತ್ತು ಔಷಧಿ ಸಿಂಪಡಿಸಲೋ ಬೇಡವೋ ಎಂದು ಕೇಳಬಹುದು. ಇದೂ ಭಾರಿ ಡೇಟಾ, ಆದರೆ ಇದರಲ್ಲಿ ಮನುಷ್ಯರ ಹೆಸರೇ ಇಲ್ಲ. ಮಳೆಗೆ ಖಾಸಗಿತನದ ಹಂಗಿಲ್ಲ. ಡೇಟಾ ಎಂದ ಕೂಡಲೇ ಬೆಚ್ಚಿಬೀಳುವವರು ಈ ವ್ಯತ್ಯಾಸ ಗಮನಿಸಬೇಕು. ಇನ್ನು ಬ್ಯಾಂಕಿನವರ ಎಚ್ಚರಿಕೆ: ಶಿವಮೊಗ್ಗದಲ್ಲಿ ಬಳಕೆಯಾಗುವ ಕಾರ್ಡು ನಡುರಾತ್ರಿ ವಿದೇಶದ ಜಾಲತಾಣದಲ್ಲಿ ಬಳಕೆಯಾದರೆ ತಡೆದು ಕೇಳುವ ವ್ಯವಸ್ಥೆಯೂ ಹಳೆಯ ಖರ್ಚಿನ ರೂಢಿಯನ್ನು ಓದಿಯೇ ಕೆಲಸ ಮಾಡುತ್ತದೆ. ಎಲ್ಲವೂ ಗೆದ್ದಿಲ್ಲ. ಜನ ಹುಡುಕುವ ಪದಗಳಿಂದಲೇ ಫ್ಲೂ ಜ್ವರದ ಹರಡುವಿಕೆಯನ್ನು ಹೇಳುತ್ತೇನೆಂದು 2008ರಲ್ಲಿ ಹೊರಟ ಗೂಗಲ್ ಫ್ಲೂ ಟ್ರೆಂಡ್ಸ್, 2012-13ರಲ್ಲಿ ಇದ್ದದ್ದಕ್ಕಿಂತ ವಿಪರೀತ ಹೆಚ್ಚು ಅಂದಾಜು ಮಾಡಿ ನಗೆಪಾಟಲಾಗಿ 2015ರಲ್ಲಿ ನಿಂತಿತು.

ಹೆಸರು ಅಳಿಸಿದರೆ ಸಾಕು, ಮತ್ತೇನು ಭಯ ಎಂಬ ವಾದ ಮೊದಲಿನಿಂದಲೂ ಇದೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಟ್ಟಿತು. ಗೋಪ್ಯತೆಗೆ ಧಕ್ಕೆಯಿಲ್ಲ ಎಂದು ಗವರ್ನರ್ ವಿಲಿಯಂ ವೆಲ್ಡ್ ಅಭಯ ಕೊಟ್ಟರು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿ ಕೊಂಡುಕೊಂಡರು. ಅದರಲ್ಲಿ ಗವರ್ನರರ ಜನ್ಮದಿನದಂದೇ ಹುಟ್ಟಿದವರು ಆರು ಮಂದಿ, ಅವರಲ್ಲಿ ಗಂಡಸರು ಮೂವರು, ಅವರ ಪಿನ್ ಕೋಡಿನಲ್ಲಿ ಇದ್ದದ್ದು ಒಬ್ಬರೇ. ಗವರ್ನರರ ವೈದ್ಯಕೀಯ ದಾಖಲೆ ಸ್ವೀನಿಯವರ ಕೈ ಸೇರಿತು. ಎರಡೂ ಪಟ್ಟಿಗಳನ್ನು ಬೇರೆ ಬೇರೆಯಾಗಿ ನೋಡಿದರೆ ಯಾವುದೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಅಮೆರಿಕನ್ನರಲ್ಲಿ ಶೇ 87ರಷ್ಟು ಜನರನ್ನು ಜನ್ಮದಿನಾಂಕ, ಲಿಂಗ, ಪಿನ್ ಕೋಡ್ ಈ ಮೂರರಿಂದಲೇ ಗುರುತಿಸಬಹುದೆಂದು ಅವರು ಆಮೇಲೆ ಲೆಕ್ಕ ಹಾಕಿದರು. 2008ರಲ್ಲಿ ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್, ನೆಟ್‌ಫ್ಲಿಕ್ಸ್ ಹೆಸರಳಿಸಿ ಹೊರಬಿಟ್ಟಿದ್ದ ಸಿನಿಮಾ ರೇಟಿಂಗುಗಳನ್ನು ಬೇರೊಂದು ಜಾಲತಾಣದ ಬಹಿರಂಗ ರೇಟಿಂಗುಗಳ ಜೊತೆ ಹೊಂದಿಸಿ ಜನರನ್ನು ಪತ್ತೆಹಚ್ಚಿದರು. 2013ರ ಮತ್ತೊಂದು ಅಧ್ಯಯನದಲ್ಲಿ 15 ಲಕ್ಷ ಫೋನು ಬಳಕೆದಾರರ ಓಡಾಟದ ದಾಖಲೆಯಿಂದ ಶೇ 95ರಷ್ಟು ಜನರನ್ನು ಬೇರ್ಪಡಿಸಿ ತೋರಿಸಲು ನಾಲ್ಕೇ ನಾಲ್ಕು ಜಾಗ-ಸಮಯದ ಬಿಂದುಗಳು ಸಾಕಾದವು. ರಾತ್ರಿ ಎಲ್ಲಿ ಮಲಗುತ್ತೀರಿ, ಹಗಲು ಎಲ್ಲಿ ಕೂರುತ್ತೀರಿ ಎಂಬಲ್ಲಿಗೇ ಎರಡು ಬಿಂದು ಆಗಿಹೋಯಿತು.

ನಮ್ಮಲ್ಲಿ ಇಷ್ಟು ಬುದ್ಧಿವಂತಿಕೆಯೂ ಬೇಕಾಗುವುದಿಲ್ಲ, ಮೊಬೈಲ್ ನಂಬರ್ ಇದೆ. ಮೆಡಿಕಲ್ ಶಾಪಿನಲ್ಲಿ ಒಂದು ಮಾತ್ರೆ ಪಟ್ಟಿ ಕೊಂಡರೂ ‘ನಂಬರ್ ಹೇಳಿ ಸರ್’. ಬಟ್ಟೆ ಅಂಗಡಿ, ಕನ್ನಡಕದಂಗಡಿ, ಅಪಾರ್ಟ್‌ಮೆಂಟಿನ ಗೇಟು, ಮಾಲಿನ ಪಾರ್ಕಿಂಗು, ಎಲ್ಲೆಲ್ಲೂ ಅದೇ ಹತ್ತು ಅಂಕಿ. ಒಬ್ಬರ ಬದುಕಿನ ಬಿಡಿಹೂಗಳನ್ನು ಮಾಲೆ ಮಾಡುವ ದಾರ ಆ ಹತ್ತು ಅಂಕಿಯೇ. ಸಕ್ಕರೆ ಕಾಯಿಲೆಯ ಮಾತ್ರೆ, ಮಗಳ ಮದುವೆಯ ಸೀರೆ, ತಡವಾಗಿ ಕಟ್ಟಿದ ಕಂತು, ತಿಂಗಳಿಗೊಮ್ಮೆ ಹೋಗುವ ದೇವಸ್ಥಾನ ಎಲ್ಲವೂ ಅದರಲ್ಲಿ ಕೋದುಕೊಳ್ಳುತ್ತವೆ. ಬಿಲ್ ಕೊಡಲು ಗಿರಾಕಿಯ ಮೊಬೈಲ್ ನಂಬರಿಗೆ ಒತ್ತಾಯ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಸೂಚನೆ ಹೊರಡಿಸಿದೆ. ಕೌಂಟರಿನ ಹುಡುಗಿಗೆ ಅದು ಗೊತ್ತಿಲ್ಲ. ನಂಬರ್ ಹಾಕದಿದ್ದರೆ ಅವಳ ಕಂಪ್ಯೂಟರು ಮುಂದಕ್ಕೇ ಹೋಗುವುದಿಲ್ಲ. ಅವಳ ಜೊತೆ ಜಗಳವಾಡಿ ಏನು ಪ್ರಯೋಜನ?

ಮಾಲೆ ಎಷ್ಟು ಬಿಗಿಯಾಗಬಲ್ಲದು ಎಂಬುದನ್ನು ಸಾಲದ ಆ್ಯಪ್‌ಗಳು ತೋರಿಸಿದವು. ಲಾಕ್‌ಡೌನ್ ಕಾಲದಲ್ಲಿ ಕೈ ಖಾಲಿಯಾದವರು ಐದು-ಹತ್ತು ಸಾವಿರಕ್ಕೆ ಇವುಗಳ ಬಾಗಿಲು ತಟ್ಟಿದರು. ಆ್ಯಪ್ ಇಳಿಸಿಕೊಳ್ಳುವಾಗಲೇ ಅದು ಫೋನಿನ ಸಂಪರ್ಕ ಪಟ್ಟಿ, ಫೋಟೊಗಳಿಗೆ ಅನುಮತಿ ಕೇಳಿತ್ತು. ಹಣದ ತುರ್ತಿನಲ್ಲಿ ಇವರು ಒತ್ತಿಬಿಟ್ಟಿದ್ದರು. ಕಂತು ತಪ್ಪಿದಾಗ ವಸೂಲಿಗೆ ಕರೆ ಹೋದದ್ದು ಮೇಷ್ಟರಿಗೆ, ಬೀಗರಿಗೆ, ಆಫೀಸಿನ ಮ್ಯಾನೇಜರಿಗೆ. ತಿರುಚಿದ ಫೋಟೊಗಳೂ ಹೋದವು. ಜೀವ ಕಳೆದುಕೊಂಡವರಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ತಂದು, ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆ ವಿವರ, ಫೋಟೊಗಳನ್ನು ಮುಟ್ಟುವಂತಿಲ್ಲ ಎಂದಿತು. ಅನುಮತಿ ಕೊಟ್ಟವರು ತಾವೇ ಎಂಬ ಮಾತಿನಲ್ಲಿ ಎಷ್ಟು ಸತ್ತ್ವವಿದೆ ಎಂಬುದಕ್ಕೆ ಈ ನಿಯಮವೇ ಉತ್ತರ. ಮನೆಯಲ್ಲಿ ಅಕ್ಕಿ ಇಲ್ಲದಿದ್ದಾಗ ಒತ್ತುವ ‘ಅಲೋ’ ಗುಂಡಿಗೆ ಒಪ್ಪಿಗೆ ಎಂದು ಹೆಸರಿಡುವುದು ಕಾನೂನಿನ ಸೌಜನ್ಯ ಮಾತ್ರ.

ಖಾಸಗಿ ಕಂಪನಿಗಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಸರ್ಕಾರದ ವಿಷಯ ಜಟಿಲ, ಏಕೆಂದರೆ ಅಲ್ಲಿ ಕೂಡಿಸುವುದರ ಹಿಂದೆ ಒಳ್ಳೆಯ ಉದ್ದೇಶವೂ ಇರುತ್ತದೆ. ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು, ಕೈ ಬಿಸಿ ಮಾಡುವುದು ಕಡಿಮೆಯಾಯಿತು. ಅದೇ ಹೊತ್ತಿಗೆ ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ತಮ್ಮ ಅಧ್ಯಯನದಲ್ಲಿ ಬೇರೊಂದು ಮುಖ ತೋರಿಸಿದರು: ಯಾವ ಸರ್ವೆ ನಂಬರು ಯಾರದು ಎಂಬುದು ಒಂದೇ ಕಡೆ ಸಿಗತೊಡಗಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೂ ಅನುಕೂಲವಾಯಿತು. ಬೆಳಕು ಬಿದ್ದಾಗ ಅದರಲ್ಲಿ ಓದಬಲ್ಲವರೇ ಮೊದಲು ಓದುತ್ತಾರೆ.

‘ಭೂಮಿ’ಯ ನಂತರ ರೈತರ ನೋಂದಣಿಗೆ ‘ಫ್ರೂಟ್ಸ್’ ಬಂತು, ಪಡಿತರ ಚೀಟಿಯನ್ನು ಬುನಾದಿ ಮಾಡಿಕೊಂಡು ‘ಕುಟುಂಬ’ ಬಂತು. ಯಾರ ಮನೆಗೆ ಯಾವ ಸವಲತ್ತು ಸಲ್ಲಬೇಕೆಂದು ಇಲಾಖೆಗಳ ಕಡತಗಳನ್ನು ಹೊಂದಿಸಿ ಹೇಳುವುದು ಅದರ ಕೆಲಸ. ಪಿಂಚಣಿಗಾಗಿ ಮುದುಕಿ ಕಚೇರಿಯಿಂದ ಕಚೇರಿಗೆ ಅಲೆಯದೆ ತಾನಾಗಿಯೇ ಮಂಜೂರಾಗುವುದಾದರೆ ಯಾರು ಬೇಡವೆನ್ನುತ್ತಾರೆ? ಆದರೆ ಕೊಡಲು ಹೊಂದಿಸಿದ ಪಟ್ಟಿಯೇ ಕಿತ್ತುಕೊಳ್ಳಲೂ ಒದಗುತ್ತದೆ. 2024ರ ನವೆಂಬರಿನಲ್ಲಿ ಅನರ್ಹರೆಂದು ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡತೊಡಗಿದಾಗ ನ್ಯಾಯಬೆಲೆ ಅಂಗಡಿಗೆ ಹೋದ ಮೇಲೇ ಸಂಗತಿ ತಿಳಿದವರು ಅನೇಕರು. ಗದ್ದಲವಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡು ಮರಳಿಸುವಂತೆ ಮುಖ್ಯಮಂತ್ರಿ ಸೂಚಿಸಬೇಕಾಯಿತು. ಮನೆಯೊಡತಿಗೆ ತಿಂಗಳ ಹಣ ಕೊಡುವ ‘ಗೃಹಲಕ್ಷ್ಮಿ’ ಯೋಜನೆಯಲ್ಲೂ ಜಿಎಸ್‌ಟಿಯ ಮುಖವನ್ನೇ ಕಾಣದ ಹೆಂಗಸರು ‘ತೆರಿಗೆ ಪಾವತಿದಾರರು’ ಎಂದು ದಾಖಲಾಗಿ ಹಣ ನಿಂತ ದೂರುಗಳು ಬಂದವು.

ಇಂಥ ತಪ್ಪು ಹೇಗಾಗುತ್ತದೆಂದು ತಿಳಿಯಲು ತೆಲಂಗಾಣದ ‘ಸಮಗ್ರ ವೇದಿಕ’ ನೋಡಬೇಕು. ಹಲವು ಇಲಾಖೆಗಳ ದಾಖಲೆಗಳಲ್ಲಿ ಹೆಸರು, ವಿಳಾಸಗಳ ಹೋಲಿಕೆ ನೋಡಿ ‘ಇವರಿಬ್ಬರೂ ಒಬ್ಬರೇ’ ಎಂದು ತೀರ್ಮಾನಿಸುವ ತಂತ್ರಾಂಶ ಅದು. ಬಡ ಮಹಿಳೆಯೊಬ್ಬರ ಗಂಡನ ಹೆಸರು ಕಾರಿನ ಮಾಲೀಕನೊಬ್ಬನ ಹೆಸರನ್ನು ಹೋಲಿತು. ಕಾರಿದ್ದವರ ಮನೆಗೆ ಪಡಿತರವಿಲ್ಲ ಎಂದು ಅವರಿಗೆ ಕಾರ್ಡು ನಿರಾಕರಣೆಯಾಯಿತು. ಅಲ್ಲಿ ಲಕ್ಷಾಂತರ ಕಾರ್ಡುಗಳು ರದ್ದಾದ ಮೇಲೆ, ಮನೆಮನೆಗೆ ಹೋಗಿ ಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಮ್ಮ ಹೆಸರುಗಳ ಪಾಡನ್ನು ಯೋಚಿಸಿ. ಪಹಣಿಯಲ್ಲಿ ‘ನಿಂಗಪ್ಪ ಬಿನ್ ಲೇಟ್ ಸಿದ್ದಪ್ಪ’, ಆಧಾರಿನಲ್ಲಿ ಇಂಗ್ಲಿಷ್ ಕಾಗುಣಿತದ ನಿಂಗಪ್ಪ ಎಸ್., ಬ್ಯಾಂಕಿನಲ್ಲಿ ಊರಿನ ಹೆಸರೂ ಸೇರಿ ಮೂರು ಇನಿಶಿಯಲ್. ಒಂದೇ ಹೋಬಳಿಯಲ್ಲಿ ನಿಂಗಪ್ಪಂದಿರು ಎಷ್ಟಿಲ್ಲ? ಯಂತ್ರ ಇದನ್ನೆಲ್ಲ ಅಂದಾಜಿನ ಮೇಲೆ ಹೊಂದಿಸುತ್ತದೆ. ನೂರಕ್ಕೆ ಐದು ತಪ್ಪಿದರೆ ಕಂಪನಿಯ ಜಾಹೀರಾತು ತಪ್ಪು ಮನೆಗೆ ಹೋಗುತ್ತದೆ, ಅಷ್ಟೇ. ಪಡಿತರದಲ್ಲಿ ಆ ಐದು ಮನೆಗಳಲ್ಲಿ ಒಲೆ ಉರಿಯುವುದಿಲ್ಲ. ತಾನು ಆ ಇನ್ನೊಬ್ಬ ನಿಂಗಪ್ಪ ಅಲ್ಲ ಎಂದು ಸಾಬೀತು ಮಾಡುವ ಹೊಣೆಯೂ ನಿಂಗಪ್ಪನದೇ.

ಕೂಡಿಸುವವರು ಕಂಪನಿ, ಸರ್ಕಾರ ಮಾತ್ರವಲ್ಲ, ಕಳ್ಳರೂ ಹೌದು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಹಳ್ಳಿಯ ಬ್ಯಾಂಕ್ ಮಿತ್ರರ ಬಳಿಯೇ ಹಣ ತೆಗೆಯಬಹುದು, ಒಟಿಪಿ ಬೇಡ. ಬ್ಯಾಂಕ್ ಶಾಖೆಯಿಲ್ಲದ ಊರುಗಳಿಗೆ ದೊಡ್ಡ ಉಪಕಾರ. ಇನ್ನೊಂದು ಕಡೆ, ಆಸ್ತಿ ವ್ಯವಹಾರ ಪಾರದರ್ಶಕವಾಗಿರಲೆಂದು ಕ್ರಯಪತ್ರಗಳ ಪ್ರತಿ ‘ಕಾವೇರಿ’ ಜಾಲತಾಣದಲ್ಲಿ ಸಿಗುತ್ತಿತ್ತು. ಅದರಲ್ಲಿ ಹೆಬ್ಬೆಟ್ಟಿನ ಗುರುತೂ ಇತ್ತು. 2023ರಲ್ಲಿ ಬೆಂಗಳೂರಿನಲ್ಲಿ, ನೋಂದಣಿ ಕಚೇರಿಗೆ ಹೋಗಿ ಬಂದ ಕೆಲವರ ಖಾತೆಯಿಂದ ಅವರಿಗೇ ತಿಳಿಯದಂತೆ ಹಣ ಹೋಗತೊಡಗಿದಾಗ ಪೊಲೀಸರ ತನಿಖೆ ಈ ಪ್ರತಿಗಳ ಕಡೆಗೆ ತಿರುಗಿತು. ಬೆರಳಚ್ಚಿನ ಚಿತ್ರದಿಂದ ನಕಲಿ ಅಚ್ಚು ಮಾಡುವುದು ಕಳ್ಳರಿಗೆ ಕಷ್ಟವಾಗಿರಲಿಲ್ಲ. ಆಮೇಲೆ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಏರ್ಪಾಡಾಯಿತು. ನೋಂದಣಿ ಇಲಾಖೆಯವರೂ ಪಾವತಿ ವ್ಯವಸ್ಥೆ ಕಟ್ಟಿದವರೂ ತಮ್ಮ ತಮ್ಮ ಮಟ್ಟಿಗೆ ತಪ್ಪು ಮಾಡಿರಲಿಲ್ಲ. ಅವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸ ಯಾರದೂ ಆಗಿರಲಿಲ್ಲ, ಕಳ್ಳರನ್ನು ಬಿಟ್ಟು. (ಆಧಾರ್ ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೂ ಆ್ಯಪ್‌ನಲ್ಲೂ ಇದೆ. ಇನ್ನೂ ಮಾಡದವರು ಈ ಲೇಖನವನ್ನು ಇಲ್ಲಿಗೇ ಬಿಟ್ಟು ಅದನ್ನು ಮಾಡಿದರೂ ನನಗೆ ಬೇಸರವಿಲ್ಲ.)

‘ಹಳ್ಳಿಗಳಲ್ಲಿ ಎಲ್ಲರ ವಿಷಯ ಎಲ್ಲರಿಗೂ ಗೊತ್ತಿರುತ್ತಿತ್ತು, ಖಾಸಗಿತನ ಪಟ್ಟಣದವರ ಶೋಕಿ’ ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. ಊರಿನ ಶಾನುಭೋಗರಿಗೆ ಎಲ್ಲರ ಹೊಲ, ಸಾಲ, ವ್ಯಾಜ್ಯ ಗೊತ್ತಿತ್ತು ನಿಜ. ಶಾನುಭೋಗರ ವಿಷಯವೂ ಊರಿಗೆ ಗೊತ್ತಿತ್ತು. ಅನ್ಯಾಯವಾದರೆ ಅವರ ಜಗಲಿಗೆ ಹೋಗಿ ಕೂಗಾಡಲು ಬರುತ್ತಿತ್ತು. ಹಳೆಯ ಕಾಲ ಚೆನ್ನಾಗಿತ್ತು ಎನ್ನುವುದು ನನ್ನ ಮಾತಲ್ಲ, ಆ ಜಗಲಿ ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ಆದರೂ ಯಾರು ನಮ್ಮನ್ನು ನೋಡುತ್ತಿದ್ದಾರೆಂದು ಅಲ್ಲಿ ತಿಳಿಯುತ್ತಿತ್ತು. ಈಗ ನೋಡುವವರಿಗೆ ಮುಖವಿಲ್ಲ. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ಸಂಸತ್ತಿಗೆ ಹೇಳಿದಂತೆ, ವಾಹನ ನೋಂದಣಿ ಮತ್ತು ಚಾಲನಾ ಪರವಾನಗಿಯ ಮಾಹಿತಿಯನ್ನು 87 ಖಾಸಗಿ ಕಂಪನಿಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ಒದಗಿಸಿ 65 ಕೋಟಿ ರೂಪಾಯಿ ಗಳಿಸಲಾಗಿತ್ತು. 2020ರಲ್ಲಿ ಆ ಸಗಟು ಮಾರಾಟದ ನೀತಿಯನ್ನು ಕೈಬಿಟ್ಟರು. ಆರ್‌ಟಿಒದಲ್ಲಿ ಫಾರಂ ತುಂಬಿದ ಯಾರಿಗಾದರೂ ಇದರ ಸುಳಿವಿತ್ತೇ? ಅದೇ ವರ್ಷ ದೆಹಲಿ ಗಲಭೆಯ ನಂತರ, ಮತದಾರರ ಗುರುತಿನ ಚೀಟಿ ಮತ್ತು ಚಾಲನಾ ಪರವಾನಗಿಯ ಫೋಟೊಗಳನ್ನು ಮುಖ ಗುರುತಿಸುವ ತಂತ್ರಾಂಶಕ್ಕೆ ಹಾಕಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಪತ್ತೆ ಮಾಡಿರುವುದಾಗಿ ಗೃಹ ಸಚಿವರು ಲೋಕಸಭೆಯಲ್ಲಿ ಹೇಳಿದರು. ಗಲಭೆಕೋರರು ಸಿಗಲಿ. ಆದರೆ ಓಟು ಹಾಕಲೆಂದು ತೆಗೆಸಿಕೊಂಡ ಫೋಟೊ ಪೊಲೀಸ್ ಸಾಲಿನಲ್ಲಿ ನಿಲ್ಲಬಹುದೆಂದು ಆ ದಿನ ಗೊತ್ತಾಯಿತು.

ಕಾನೂನಿನ ಕಥೆಯಲ್ಲಿ ಕರ್ನಾಟಕದ ಪಾತ್ರ ದೊಡ್ಡದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನದಲ್ಲಿ ಖಾಸಗಿತನವೆಂಬ ಹಕ್ಕೇ ಇಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿದ್ದರಿಂದ ಆ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಅದು ಮೂಲಭೂತ ಹಕ್ಕು ಎಂದರು. ಮರುವರ್ಷ ಆಧಾರ್ ತೀರ್ಪಿನಲ್ಲಿ ಬಹುಮತ ಯೋಜನೆಯನ್ನು ಎತ್ತಿಹಿಡಿದು, ಖಾಸಗಿ ಕಂಪನಿಗಳು ಅದನ್ನು ಕಡ್ಡಾಯ ಮಾಡುವುದಕ್ಕೆ ತಡೆ ಹಾಕಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಆತಂಕಗಳಲ್ಲಿ ಒಂದು, ಬೇರೆ ಬೇರೆ ಕಣಜಗಳಲ್ಲಿದ್ದ ಮಾಹಿತಿ ಒಂದೇ ಸಂಖ್ಯೆಯಿಂದ ಬೆಸೆದುಕೊಳ್ಳುವುದರ ಬಗ್ಗೆಯೇ ಇತ್ತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಖಾಸಗಿತನದ ಆ ತೀರ್ಪಿನ ಫಲವಾಗಿ ಬಂದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು, ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಹೇಳಿದ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯಬೇಕು, ಒಪ್ಪಿಗೆ ಹಿಂಪಡೆಯಬಹುದು, ರಕ್ಷಣೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ, ಇವೆಲ್ಲ ಸ್ವಾಗತಾರ್ಹ. ಆದರೆ ಸಬ್ಸಿಡಿ, ಸವಲತ್ತು ಕೊಡುವುದಕ್ಕೆ ಸರ್ಕಾರಕ್ಕೆ ಹೊಸದಾಗಿ ಒಪ್ಪಿಗೆ ಬೇಕಾಗಿಲ್ಲ, ಕೇಂದ್ರವು ತನ್ನ ಯಾವ ಸಂಸ್ಥೆಗೆ ಬೇಕಾದರೂ ರಾಷ್ಟ್ರದ ಭದ್ರತೆಯಂಥ ಕಾರಣಕ್ಕೆ ಪೂರ್ತಿ ವಿನಾಯಿತಿ ಕೊಡಬಹುದು. ಯಂತ್ರ ಮಾಡಿದ ತೀರ್ಮಾನವನ್ನು ಮನುಷ್ಯರು ಮರುಪರಿಶೀಲಿಸಬೇಕೆಂದು ಕೇಳುವ ಹಕ್ಕು ಯುರೋಪಿನ ಕಾನೂನಿನಲ್ಲಿ ಇದೆ, ಇಲ್ಲಿ ಕಾಣುವುದಿಲ್ಲ. ಇದೇ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನೂ ತಿದ್ದಿತು. ಸಾರ್ವಜನಿಕ ಹಿತವಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದು ಎಂಬ ಮಾತು ಆ ಕಲಮಿನಿಂದಲೇ ಹೊರಟುಹೋಯಿತು. ಪ್ರಜೆಯ ಕಡತ ಸರ್ಕಾರಕ್ಕೆ ಇನ್ನಷ್ಟು ತೆರೆಯಿತು, ಅಧಿಕಾರಿಯ ಕಡತ ಪ್ರಜೆಗೆ ಇನ್ನಷ್ಟು ಮುಚ್ಚಿತು. ಖಾಸಗಿತನದ ಹೆಸರಲ್ಲಿ ಇದು ನಡೆದದ್ದು ನನಗೆ ಕಹಿಯಾಗಿದೆ.

ಕೂಡಿಸುವುದಕ್ಕೆ ಬೇಲಿ ಹಾಕಲಾಗದು ಎಂದೇನಿಲ್ಲ. ಜನಗಣತಿಯ ದಾಖಲೆಗಳನ್ನು ಬೇರೆಯವರು ಪರಿಶೀಲಿಸುವಂತಿಲ್ಲ, ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1948ರ ಜನಗಣತಿ ಕಾಯ್ದೆಯ 15ನೇ ಕಲಂ ಹೇಳುತ್ತದೆ. ಗಣತಿದಾರರ ಮುಂದೆ ಹೇಳಿದ ಮಾತು ಬೇರೆ ಇಲಾಖೆಗೆ ಹೋಗುವುದಿಲ್ಲ ಎಂಬ ನಂಬಿಕೆ ಇಲ್ಲದಿದ್ದರೆ ಜನ ನಿಜ ಹೇಳುವುದಿಲ್ಲ ಎಂದು ಕಂಪ್ಯೂಟರ್ ಇಲ್ಲದ ಆ ಕಾಲದವರಿಗೆ ತಿಳಿದಿತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭಿಸಿದಾಗ ಮೀಟರ್ ರೀಡರುಗಳು ಮನೆಮನೆಗೆ ಸಂಖ್ಯೆಯ ಸ್ಟಿಕ್ಕರ್ ಅಂಟಿಸಿದ್ದರು. ಕರೆಂಟು ಮೀಟರು ಜಾತಿ, ಆದಾಯ, ಸಾಲಗಳ 60 ಪ್ರಶ್ನೆಗಳಿಗೆ ಬಾಗಿಲಾಯಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. ಸಮೀಕ್ಷೆಗೆ ತಡೆ ಕೊಡದೆ, ಉತ್ತರ ಕೊಡುವುದು ಅವರವರ ಇಚ್ಛೆ, ಸಿಕ್ಕಿದ ಮಾಹಿತಿಯನ್ನು ಆಯೋಗ ಯಾರಿಗೂ ಬಹಿರಂಗಪಡಿಸಬಾರದು ಎಂದು ಪೀಠ ಆದೇಶಿಸಿತು. ಸಾಮಾಜಿಕ ನ್ಯಾಯಕ್ಕೆ ಅಂಥ ಸಮೀಕ್ಷೆ ಬೇಕೇ ಬೇಕು ಎನ್ನುವವನು ನಾನು. ಅದಕ್ಕಾಗಿಯೇ ಈ ಬೇಲಿ ನ್ಯಾಯಾಲಯದ ಮಧ್ಯಂತರ ಆದೇಶದಲ್ಲಿ ಇದ್ದರೆ ಸಾಲದು, ಕಾನೂನಿನಲ್ಲೇ ಇರಬೇಕು.

ಕಾನೂನು ಬರೆಯಲು ನಮ್ಮ ವಿಧಾನಸಭೆಗೆ ಬಾರದೆಂದಲ್ಲ. ಆಹಾರ ತಲುಪಿಸುವ, ಟ್ಯಾಕ್ಸಿ ಓಡಿಸುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಮಾಡಿದ ಕಾಯ್ದೆಯಲ್ಲಿ, ಆ್ಯಪ್ ತಮ್ಮನ್ನು ಹೇಗೆ ಅಳೆಯುತ್ತದೆ, ತಾನೇ ತಾನಾಗಿ ಹೇಗೆ ತೀರ್ಮಾನ ಮಾಡುತ್ತದೆ ಎಂಬುದನ್ನು ಕಾರ್ಮಿಕರಿಗೆ ಕಂಪನಿಗಳು ತಿಳಿಸಬೇಕೆಂಬ ವಿಧಿಯಿದೆ. ಬೈಕಿನ ಹುಡುಗನಿಗೆ ಸಿಕ್ಕಿದ ಈ ಹಕ್ಕು, ಕಾರ್ಡು ರದ್ದಾಗಿ ನ್ಯಾಯಬೆಲೆ ಅಂಗಡಿಯಿಂದ ವಾಪಸಾದ ಅವನ ತಾಯಿಗೂ ಸಿಗಬೇಕಾದರೆ ಅದೇ ಸಭೆ ‘ಕಂಪನಿ’ ಎಂದಿರುವ ಕಡೆ ‘ಇಲಾಖೆ’ ಎಂದು ಇನ್ನೊಂದು ಮಸೂದೆ ತರಬೇಕು.